ಜಡವಸ್ತುವಿನ ಮೇಲಣ ಕೋಪ

ನಡೆಯಲು ಕಲಿಯುವ ಕೂಸು ಹೊಸ್ತಿಲನ್ನು ಎಡವಿ ಬಿದ್ದು ಅಳುವಾಗ ತಾಯಿಯು ಮಾಡುವ ಉಪಾಯವನ್ನು ನಾವೆಲ್ಲರೂ ನೋಡಿದ್ದೇವೆ. ಅವಳು ಕೂಸನ್ನು ಎತ್ತಿಕೊಂಡು, "ನನ್ನ ಕಂದನನ್ನು ಬೀಳಿಸಿದ್ದು ಈ ಹೊಸ್ತಿಲಲ್ಲವೇ? ಇಗೋ, ಇದಕ್ಕೆ ಪೆಟ್ಟು!" ಎಂದು ಹೇಳಿ ಅಂಗೈಯಿಂದ ಹೊಸ್ತಿಲನ್ನು ಎರಡು ಸಾರಿ ಬಡಿಯುತ್ತಾಳೆ. ಕೂಸು ಅಳುವದನ್ನು ನಿಲ್ಲಿಸಿ ತಾನೂ ಒಂದು ಪೆಟ್ಟು ಹಾಕುತ್ತದೆ. ಅಲ್ಲಿಗೆ ವ್ಯಾಜ್ಯವು ತೀರಿತು. ಹೊಸ್ತಿಲಿಗೆ ನೋವಿಲ್ಲ, ಕೂಸಿಗೆ ಸಮಾಧಾನವಾಯಿತು, ತಾಯಿಯು ಒಲೆಯ ಕಡೆಗೆ ಹೋದಳು.

ಆದರೆ ಅದೇ ಕೂಸು ಬೆಳೆದು ನಾಲ್ವತ್ತು ವರುಷದ ಗೃಹಸ್ಥನಾಗಿ, ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದುಕೊಂಡು ಹೊಲಕ್ಕೆ ಹೋಗಿ, ಪಂಪು ನಡೆಯದೆ ಇರುವದನ್ನು ಕಂಡು ಸ್ಟಾರ್ಟರಿನ ಪೆಟ್ಟಿಗೆಯನ್ನು ಮುಷ್ಟಿಯಿಂದ ಗುದ್ದಿದರೆ ಏನೆನ್ನೋಣ? ಮೊಬೈಲು ಫೋನಿನ ಗಾಜಿನ ಮೇಲೆ ಚಿಕ್ಕ ಚಕ್ರವೊಂದು ತಿರುಗುತ್ತಲೇ ಇರುವಾಗ ಅದನ್ನು ಮಂಚದ ಮೇಲೆ ಎಸೆಯುವ ಕಾಲೇಜು ಹುಡುಗನಿಗೆ, ಅರೆಯುವ ನಡುವೆ ಮಿಕ್ಸಿಯು ನಿಂತುಹೋಯಿತೆಂದು ಅದನ್ನು ಶಪಿಸುವ ಗೃಹಿಣಿಗೆ ಏನು ಹೇಳೋಣ? "ಇದೂ ಹೊಸ್ತಿಲಿಗೆ ಕೊಟ್ಟ ಪೆಟ್ಟಿನ ಹಾಗೆಯೇ, ಯಂತ್ರಕ್ಕೆ ಜೀವವಿಲ್ಲ, ಅದನ್ನು ಬೈದರೆ ಯಾರಿಗೂ ಕೇಡಿಲ್ಲ" ಎಂದು ಅನೇಕರು ಹೇಳುವರು. ಆ ಮಾತು ನಿಜವೋ ಎಂಬದೇ ಈ ತಿಂಗಳು ನಾವು ಕೂಡಿ ಯೋಚಿಸಬೇಕೆಂದಿರುವ ಪ್ರಶ್ನೆ. ಪ್ರಶ್ನೆಯು ಚಿಕ್ಕದೆಂದು ವಾಚಕರು ಪುಟವನ್ನು ಮಗುಚಬಾರದೆಂದು ಬೇಡುತ್ತೇನೆ. ಕೊಲೆ ಕಳವುಗಳ ವಿಷಯವಾಗಿ ನಮಗೆ ಬುದ್ಧಿ ಹೇಳುವವರು ಬಹುಮಂದಿ ಇದ್ದಾರೆ. ಆದರೆ ನಮ್ಮಲ್ಲಿ ಹೆಚ್ಚಿನವರು ಯಾರನ್ನೂ ಕೊಲ್ಲದೆ, ಏನನ್ನೂ ಕದಿಯದೆ ಜೀವಮಾನವನ್ನು ಕಳೆಯುತ್ತೇವೆ. ನಮ್ಮ ದಿನಗಳು ಕೆಡುವದು ಇಂಥಾ ಅಲ್ಪ ಸಂಗತಿಗಳಿಂದಲೇ.

ನಮ್ಮ ಅಜ್ಜಂದಿರಿಗೂ ವಸ್ತುಗಳು ಕಾಟ ಕೊಡುತ್ತಿದ್ದವು. ಬಾವಿಯ ಹಗ್ಗ ಕಡಿಯುತ್ತಿತ್ತು, ಗಾಡಿಯ ಕೀಲು ಕಳಚುತ್ತಿತ್ತು, ಹಸಿ ಸೌದೆಯು ಹೊಗೆಯುತ್ತಿತ್ತು, ಮಳೆಯ ಹನಿ ಬಿದ್ದ ಕೂಡಲೇ ಲಾಂದ್ರದ ಗಾಜು ಸೀಳುತ್ತಿತ್ತು. ಆದರೆ ಕೆಟ್ಟದ್ದು ಎಲ್ಲಿ ಎಂಬದು ಕಣ್ಣಿಗೆ ಕಾಣುತ್ತಿತ್ತು. ಕಡಿದ ಹಗ್ಗದ ಎರಡು ತುದಿಗಳೂ ಕೈಯಲ್ಲೇ ಇದ್ದವು. ಗಂಟು ಹಾಕಿದರೆ ತೀರಿತು. ಕೈಗೆ ಕೆಲಸ ಸಿಕ್ಕಿದವನಿಗೆ ಕೋಪಿಸಿಕೊಳ್ಳಲು ಸಮಯ ಸಾಲದು. ಈಗಿನ ಯಂತ್ರಗಳಾದರೋ ಮುಚ್ಚಿ ಮುದ್ರೆಹಾಕಿದ ಪೆಟ್ಟಿಗೆಗಳಂತಿವೆ. ಫೋನು ನಡೆಯದೆ ಹೋದಾಗ ಕೆಟ್ಟದ್ದು ಫೋನಿನಲ್ಲಿಯೋ, ಗುಡ್ಡದ ಮೇಲಣ ಗೋಪುರದಲ್ಲಿಯೋ, ನೂರಾರು ಮೈಲು ದೂರದ ಬೇಂಕಿನ ಗಣಕಯಂತ್ರದಲ್ಲಿಯೋ ಎಂಬದನ್ನು ಹಳ್ಳಿಯವನು ಮಾತ್ರವಲ್ಲ, ಅದನ್ನು ಮಾರಿದ ಅಂಗಡಿಯವನೂ ಅರಿಯನು. ಮಾಡಲು ಏನೂ ಇಲ್ಲದ ಕೈಯು ಮುಷ್ಟಿಯಾಗುವದು ಸಹಜವೇ.

ಇನ್ನೊಂದು ಕಾರಣವೂ ಉಂಟು. ಯಂತ್ರವು ನಾವು ಕಾಯುವ ಹೊತ್ತನ್ನು ಕಡಿಮೆ ಮಾಡಿತು. ಆದರೆ ಕಾಯುವ ಶಕ್ತಿಯನ್ನು ಅದಕ್ಕಿಂತ ಹೆಚ್ಚಾಗಿ ಕಡಿಮೆ ಮಾಡಿತು. ಮುಂಬಯಿಯಲ್ಲಿ ದುಡಿಯುವ ಮಗನ ಕಾಗದಕ್ಕಾಗಿ ತಾಯಂದಿರು ಎಂಟು ಹತ್ತು ದಿನ ಕಾಯುತ್ತಿದ್ದರು. ಟ್ರಂಕ್ ಕಾಲು ಮಾಡಬೇಕಾದವನು ಅಂಚೆಕಛೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂತಿರುತ್ತಿದ್ದನು. ನಮ್ಮ ದೇಶದಲ್ಲಿ ಮೊಬೈಲಿನ ಮೊದಲನೆಯ ಕರೆಯು 1995ನೇ ಇಸವಿಯ ಜುಲೈ 31ರಂದು ನಡೆಯಿತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರು ಕಲಕತ್ತೆಯಿಂದ, ದಿಲ್ಲಿಯಲ್ಲಿದ್ದ ಕೇಂದ್ರಮಂತ್ರಿ ಸುಖರಾಮ್ ಅವರೊಡನೆ ಮಾತಾಡಿದರು. ಆ ಕಾಲದಲ್ಲಿ ಬಂದ ಕರೆಗೂ ಹಣ ತೆರಬೇಕಾಗಿತ್ತು. 2013ನೇ ಇಸವಿಯ ಜುಲೈಯಲ್ಲಿ ತಂತಿಯ ಸೇವೆಯು ನಿಂತೇಹೋಯಿತು, ಯಾಕಂದರೆ ಅದನ್ನು ಬೇಡುವವರೇ ವಿರಳವಾಗಿದ್ದರು. ಈಗ ತಾಯಿಯು ಅಡಿಗೆಮನೆಯಲ್ಲಿ ಕೂತುಕೊಂಡು ಮಸ್ಕತಿನಲ್ಲಿರುವ ಮಗನ ಮುಖವನ್ನೇ ನೋಡುತ್ತಾಳೆ, ಆ ಮುಖವು ಮಾತಿನ ನಡುವೆ ಎರಡು ಕ್ಷಣ ನಿಶ್ಚಲವಾದರೆ, "ಥೂ, ಹಾಳು ನೆಟ್‌ವರ್ಕು!" ಅನ್ನುತ್ತಾಳೆ. ಎಂಟು ದಿನ ಕಾದಿದ್ದ ಅವಳ ತಾಯಿಯು ಅಂಚೆಯವನನ್ನು ಹಾಗೆ ಅನ್ನಲಿಲ್ಲ. ಇದರಿಂದ ಹಳೆಯ ಕಾಲವೇ ಒಳ್ಳೇದಾಗಿತ್ತೆಂದು ನಾನು ಹೇಳುವದಿಲ್ಲ. ಮಗನು ಸತ್ತ ಸುದ್ದಿಯು ಎಂಟು ದಿನಗಳ ಮೇಲೆ ಬರುತ್ತಿದ್ದ ಕಾಲವೂ ಅದೇ.

ಜಡವಸ್ತುವಿನ ಮೇಲೆ ಕೋಪಿಸಿಕೊಳ್ಳುವದು ಯಂತ್ರಗಳೊಂದಿಗೆ ಹುಟ್ಟಿದ ರೋಗವಲ್ಲ. ಸುಮಾರು ಎರಡು ಸಾವಿರ ವರುಷಗಳ ಹಿಂದೆ ರೋಮಿನಲ್ಲಿದ್ದ ಸೆನೆಕನೆಂಬ ಪಂಡಿತನು ಕೋಪದ ವಿಷಯವಾಗಿ ಒಂದು ಗ್ರಂಥವನ್ನು ಬರೆದನು. ಅದರಲ್ಲಿ ಅವನು, ಅಕ್ಷರಗಳು ತೀರಾ ಸಣ್ಣವಾಗಿವೆಯೆಂದು ಪುಸ್ತಕವನ್ನು ಬಿಸಾಡುವವರನ್ನೂ, ಉಡುಪು ಮನಸ್ಸಿಗೆ ಬರಲಿಲ್ಲವೆಂದು ಅದನ್ನು ಹರಿಯುವವರನ್ನೂ ಕುರಿತು, ನಮಗೆ ಕೇಡು ಮಾಡಬೇಕೆಂಬ ಮನಸ್ಸೇ ಇಲ್ಲದ ವಸ್ತುವಿನ ಮೇಲೆ ಮುನಿಯುವದು ಎಷ್ಟು ಹುಚ್ಚುತನವೆಂದು ತೋರಿಸಿದ್ದಾನೆ. ಗಾಜಿನ ಫೋನನ್ನು ಎಸೆಯುವ ನಮ್ಮ ಹುಡುಗನು ಅವನಿಗೆ ಹೊಸಬನಾಗಿ ಕಾಣುತ್ತಿರಲಿಲ್ಲ.

ಸೆನೆಕನಿಗಿಂತಲೂ ಹಿಂದಿನ ಎರಡು ಕಥೆಗಳನ್ನು ಗ್ರೀಕ್ ಚರಿತ್ರಕಾರನಾದ ಹೆರೊಡೊಟನು ಬರೆದಿಟ್ಟಿದ್ದಾನೆ. ಪಾರಸಿಯ ಅರಸನಾದ ಕೋರೆಷನು ಬಾಬೆಲಿನ ಮೇಲೆ ದಂಡೆತ್ತಿ ಹೋಗುವಾಗ ಗಿಂದೆಸ್ ಎಂಬ ಹೊಳೆಯಲ್ಲಿ ಅವನ ಬಿಳೀ ಕುದುರೆಗಳಲ್ಲಿ ಒಂದು ಕೊಚ್ಚಿಹೋಯಿತಂತೆ. ಅರಸನು ಹೊಳೆಯ ಮೇಲೆ ರೇಗಿ, ಹೆಂಗಸರು ಮೊಣಕಾಲು ನೆನೆಯದೆ ದಾಟುವ ಹಾಗೆ ಇದನ್ನು ಮಾಡುವೆನೆಂದು ಪ್ರತಿಜ್ಞೆಮಾಡಿ, ತನ್ನ ದಂಡನ್ನೆಲ್ಲಾ ಅಲ್ಲೇ ನಿಲ್ಲಿಸಿ, 360 ಕಾಲುವೆಗಳನ್ನು ತೋಡಿಸಿ ಹೊಳೆಯನ್ನು ಹಂಚಿಹಾಕಿಸಿದನು. ಆ ಬೇಸಗೆಯೆಲ್ಲಾ ಇದರಲ್ಲೇ ಕಳೆಯಿತು. ಬಾಬೆಲು ಮರುವರುಷಕ್ಕೆ ಉಳಿಯಿತು. ಓದುವಾಗ ನಗು ಬರುತ್ತದೆ. ಎರಡನೆಯ ಕಥೆಯಲ್ಲಿ ಮಾತ್ರ ನಗುವಿಗೆ ಸ್ಥಳವಿಲ್ಲ. ಕ್ರಿ.ಪೂ. 480ರ ಸುಮಾರಿಗೆ ಅರಸನಾದ ಕ್ಸೆರ್ಕ್ಸನು ಗ್ರೀಸ್ ದೇಶದ ಮೇಲೆ ದಂಡೆತ್ತಿ ಬಂದನು. ಎಸ್ತೇರಳ ಪುಸ್ತಕದ ಅಹಷ್ವೇರೋಷನು ಈತನೇ ಎಂದು ಬಹು ಪಂಡಿತರ ಎಣಿಕೆ. ಈತನು ಏಷ್ಯಕ್ಕೂ ಯೂರೋಪಕ್ಕೂ ನಡುವಿನ ಹೆಲ್ಲೆಸ್ಪೊಂತವೆಂಬ ಇಕ್ಕಟ್ಟಾದ ಸಮುದ್ರದ ಮೇಲೆ ಸೇತುವೆ ಕಟ್ಟಿಸಿದನು. ಬಿರುಗಾಳಿ ಎದ್ದು ಸೇತುವೆಯನ್ನು ಮುರಿದುಹಾಕಿತು. ಆಗ ಅರಸನು ಸಮುದ್ರಕ್ಕೆ 300 ಕೊರಡೆಯ ಏಟುಗಳನ್ನು ಹೊಡೆಸಿ, ಒಂದು ಜೊತೆ ಬೇಡಿಯನ್ನೂ ಅದರೊಳಗೆ ಹಾಕಿಸಿದನು.

ಇಷ್ಟೇ ಆಗಿದ್ದರೆ ಇದೂ ಕೂಸಿನ ಹೊಸ್ತಿಲಿನ ಕಥೆಯಾಗುತ್ತಿತ್ತು. ಆದರೆ ಹೆರೊಡೊಟನು ಮತ್ತೊಂದು ಮಾತನ್ನು ಸೇರಿಸಿದ್ದಾನೆ. ಅದನ್ನು ಹೇಳುವವರು ಕಡಿಮೆ. ಸಮುದ್ರಕ್ಕೆ ಹೊಡೆಸಿದ ಮೇಲೆ ಅರಸನು ಸೇತುವೆಯ ಕೆಲಸವನ್ನು ನಡಿಸಿದವರ ತಲೆಗಳನ್ನು ಹೊಡೆಸಿದನು. ಬಿರುಗಾಳಿಯನ್ನು ಎಬ್ಬಿಸಿದವರು ಅವರಲ್ಲ. ಆದರೆ ನೀರಿಗೆ ನೋವಾಗುವದಿಲ್ಲ, ನೀರು ಕೂಗುವದಿಲ್ಲ, ಕ್ಷಮೆ ಬೇಡುವದಿಲ್ಲ. ಕೋಪಕ್ಕೆ ಕೂಗುವವನೊಬ್ಬನು ಬೇಕು.

ನಮ್ಮ ಪ್ರಶ್ನೆಯ ತಿರುಳು ಇಲ್ಲಿಯೇ ಉಂಟೆಂದು ನನಗೆ ತೋಚುತ್ತದೆ. ಜಡವಸ್ತುವಿನ ಮೇಲಣ ಕೋಪವು ಜಡವಸ್ತುವಿನ ಮೇಲೆ ನಿಲ್ಲುವದಿಲ್ಲ. ಅತ್ತೆಯ ಮೇಲಣ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅಲ್ಲಿ ಮನುಷ್ಯರ ಮೇಲಣ ಕೋಪವು ಪ್ರಾಣಿಯ ಮೇಲೆ ಬಿದ್ದಿತು. ಈಗ ಗಾದೆಯು ತಲೆಕೆಳಗಾಗಿದೆ. ಯಂತ್ರದ ಮೇಲಣ ಕೋಪವು ಮನುಷ್ಯನ ಮೇಲೆ ಬೀಳುತ್ತದೆ. ಅದೂ ಎಂಥವನ ಮೇಲೆ? ಹತ್ತಿರ ನಿಂತವನ ಮೇಲೆ, ತಿರುಗಿ ಮಾತಾಡಲಾರದವನ ಮೇಲೆ.

ರಾತ್ರಿ ಪಂಪಿನ ಪೆಟ್ಟಿಗೆಯನ್ನು ಗುದ್ದಿದವನು ಮನೆಗೆ ಬಂದು ಏನು ಮಾಡುತ್ತಾನೆಂದು ಸ್ವಲ್ಪ ನೋಡಿರಿ. ಹೆಂಡತಿಯು ಬಾಗಿಲು ತೆರೆಯಲು ಒಂದು ನಿಮಿಷ ತಡಮಾಡಿದರೆ, ಆ ನಿಮಿಷದ ಬೆಲೆಯನ್ನು ಅವಳು ತೆರಬೇಕಾಗುತ್ತದೆ. ಅವಳು ಮಾರನೆಯ ಬೆಳಿಗ್ಗೆ ಹಾಲು ಚೆಲ್ಲಿದ ಮಗಳ ಬೆನ್ನಿಗೆ ಅದನ್ನು ದಾಟಿಸುತ್ತಾಳೆ. ಮಗಳು ಯಾರಿಗೆ ದಾಟಿಸುವಳೋ, ಕೊತ್ತಿಗೋ, ಗೊಂಬೆಗೋ! ಮೂರು ಫೇಸುಗಳಲ್ಲಿ ಒಂದು ತಪ್ಪಿದ್ದರಿಂದ ಪಂಪು ನಿಂತಿತ್ತು. ಆ ತಪ್ಪು ಬೆಳಗಾಗುವದರೊಳಗೆ ಮನೆಯ ಮೂವರನ್ನು ಮುಟ್ಟಿಬಂತು.

ಸಂತೆಯಲ್ಲಿಯೂ ಹೀಗೆಯೇ. 2016ನೇ ಇಸವಿಯಲ್ಲಿ ಯುಪಿಐ ಎಂಬ ಕ್ರಮವು ಪ್ರಾರಂಭವಾದಂದಿನಿಂದ ತರಕಾರಿಯ ಗಾಡಿಯವನ ಬಳಿಯಲ್ಲಿಯೂ ಚೌಕದ ಚಿತ್ರವಿರುವ ಒಂದು ಹಲಗೆ, ಹಣ ಬಂತೆಂದು ಕೂಗಿ ಹೇಳುವ ಒಂದು ಚಿಕ್ಕ ಪೆಟ್ಟಿಗೆ ಇರುವದು ರೂಢಿಯಾಯಿತು. ಒಳ್ಳೇ ಸೌಕರ್ಯವೇ, ಚಿಲ್ಲರೆಯ ಜಗಳಗಳು ಕಡಿಮೆಯಾದವು. ಆದರೆ ಒಂದೊಂದು ಸಾರಿ ಕೊಂಡವಳ ಖಾತೆಯಿಂದ ಹಣ ಹೋಗಿರುತ್ತದೆ, ಪೆಟ್ಟಿಗೆಯು ಕೂಗುವದಿಲ್ಲ. ಆಗ ಅಂಗಡಿಯವನು ಪೆಟ್ಟಿಗೆಯ ಕಡೆಗೆ ನೋಡದೆ ಅವಳ ಮುಖದ ಕಡೆಗೆ ನೋಡುತ್ತಾನೆ. ಅವಳು ಬಡವಳಾಗಿದ್ದರೆ, ಸೆರಗು ಹಳೇದಾಗಿದ್ದರೆ, ಆ ನೋಟವು ಇನ್ನೂ ಉದ್ದವಾಗುತ್ತದೆ. ಅವಳು ಫೋನನ್ನು ಎತ್ತಿ ತೋರಿಸುತ್ತಾಳೆ, ಹಿಂದೆ ನಿಂತವರು ಗೊಣಗುತ್ತಾರೆ. ಹತ್ತು ನಿಮಿಷಗಳ ಮೇಲೆ ಪೆಟ್ಟಿಗೆಯು ತನ್ನಷ್ಟಕ್ಕೆ ಕೂಗಿದಾಗ ಅವಳು ಅಲ್ಲಿರುವದಿಲ್ಲ. ಕಳ್ಳಿಯೆಂಬಂತೆ ನೋಡಿಸಿಕೊಂಡು ಮನೆಗೆ ಹೋಗಿರುತ್ತಾಳೆ. ಪೆಟ್ಟಿಗೆಯು ತಡವಾಗಿಯಾದರೂ ಸತ್ಯವನ್ನು ಹೇಳಿತು, ಅಂಗಡಿಯವನು ಅವಳಿಗೆ ಏನೂ ಹೇಳಿಕಳುಹಿಸಲಿಲ್ಲ.

ದೂರು ಹೇಳುವ ಫೋನಿನ ಸಂಗತಿಯನ್ನು ಇಲ್ಲಿ ಬಿಡಲಾಗದು. ಮೊದಲು ಮುದ್ರಿಸಿಟ್ಟ ಧ್ವನಿಯು, ಕನ್ನಡಕ್ಕೆ ಇಂಥಾ ಅಂಕೆಯನ್ನು ಒತ್ತಿರಿ, ಅದಕ್ಕೆ ಇಂಥಾ ಅಂಕೆಯನ್ನು ಒತ್ತಿರಿ ಎಂದು ನಮ್ಮನ್ನು ಕೋಣೆಯಿಂದ ಕೋಣೆಗೆ ಅಲೆಸುತ್ತದೆ. ಬಳಿಕ ಸಂಗೀತವು ಬರುತ್ತದೆ. ಕಾಲು ಗಂಟೆಯಾದ ಮೇಲೆ ನಿಜವಾದ ಮನುಷ್ಯ ಧ್ವನಿಯೊಂದು ಕೇಳಿಸಿದ ಕೂಡಲೇ, ಯಂತ್ರಕ್ಕಾಗಿ ಕೂಡಿಸಿಟ್ಟದ್ದನ್ನೆಲ್ಲಾ ನಾವು ಆ ಮನುಷ್ಯನ ಕಿವಿಯಲ್ಲಿ ಸುರಿಯುತ್ತೇವೆ. ಆ ಧ್ವನಿಯು ಯಾರದು? ಹೆಚ್ಚಾಗಿ ಇಪ್ಪತ್ತೆರಡು ಇಪ್ಪತ್ಮೂರು ವರುಷದ ಒಬ್ಬ ಹುಡುಗಿಯದು. ಬೆಂಗಳೂರಿನಲ್ಲಿಯೋ ಮತ್ತೊಂದು ಪಟ್ಟಣದಲ್ಲಿಯೋ ಕಿವಿಗೆ ತಂತಿ ಸಿಕ್ಕಿಸಿಕೊಂಡು, ದಿನವೆಲ್ಲಾ ಬೈಗಳನ್ನು ಕೇಳಿ, ಪ್ರತಿಯೊಂದಕ್ಕೂ "ಕ್ಷಮಿಸಿ ಸರ್" ಎಂದು ಹೇಳುವದಕ್ಕೆ ಸಂಬಳ ತೆಗೆದುಕೊಳ್ಳುವವಳು. ನಮ್ಮ ಊರುಗಳಿಂದ ಡಿಗ್ರಿ ಮುಗಿಸಿ ಹೋದ ಹೆಣ್ಣುಮಕ್ಕಳೂ ಆ ಕೆಲಸದಲ್ಲಿದ್ದಾರೆ. ಗೋಪುರವನ್ನು ಕೆಡಿಸಿದವಳು ಅವಳಲ್ಲ. ಸೇತುವೆ ಕಟ್ಟಿದವರ ಸಾಲಿನಲ್ಲಿ ನಿಂತವಳು.

ಇದಕ್ಕೆ ಕೆಲವರು ಒಂದು ಪ್ರತ್ಯುತ್ತರವನ್ನು ಹೇಳುತ್ತಾರೆ. ಕುಕ್ಕರಿನ ಆವಿಯನ್ನು ಹೊರಗೆ ಬಿಡದಿದ್ದರೆ ಅದು ಒಡೆಯುವ ಹಾಗೆ, ಕೋಪವನ್ನು ಒಳಗೇ ಇಟ್ಟರೆ ಮನುಷ್ಯನೂ ಕೆಡುವನು. ಆದಕಾರಣ ಹೆಂಡತಿ ಮಕ್ಕಳ ಮೇಲೆ ಬಿಡುವದಕ್ಕಿಂತ ಗೋಡೆಯನ್ನೋ ಪೆಟ್ಟಿಗೆಯನ್ನೋ ಗುದ್ದಿ ಹೊರಗೆ ಹಾಕುವದು ಲೇಸು ಎಂಬದಾಗಿ. ಕೇಳಲು ಬುದ್ಧಿವಂತಿಕೆಯ ಮಾತೇ. ಆದರೆ ಪರೀಕ್ಷಿಸಿ ನೋಡಿದವರು ಬೇರೆ ಹೇಳುತ್ತಾರೆ. 2002ನೇ ಇಸವಿಯಲ್ಲಿ ಅಮೇರಿಕದ ಬ್ರಾಡ್ ಬುಷ್ಮನ್ ಎಂಬ ಮನಃಶಾಸ್ತ್ರಜ್ಞರು 600 ಮಂದಿ ವಿದ್ಯಾರ್ಥಿಗಳನ್ನು ಕೂಡಿಸಿ, ಅವರು ಬರೆದ ಪ್ರಬಂಧವನ್ನು ಮತ್ತೊಬ್ಬನು ಹೀನಾಯವಾಗಿ ಹಳಿದನೆಂದು ನಂಬಿಸಿ ಕೋಪ ಬರಿಸಿದರು. ಬಳಿಕ ಕೆಲವರಿಗೆ, ಹಳಿದವನನ್ನು ನೆನಸುತ್ತಾ ಒಂದು ಚೀಲವನ್ನು ಗುದ್ದಿರಿ ಎಂದರು; ಕೆಲವರಿಗೆ, ಮೈಗೆ ವ್ಯಾಯಾಮವಾಗುವದೆಂದು ನೆನಸುತ್ತಾ ಗುದ್ದಿರಿ ಎಂದರು; ಉಳಿದವರನ್ನು ಸುಮ್ಮನೆ ಕೂಡ್ರಿಸಿದರು. ಕಡೆಯಲ್ಲಿ ಅಳೆದು ನೋಡಲು, ಹಳಿದವನನ್ನು ನೆನಸಿ ಗುದ್ದಿದವರ ಕೋಪವೇ ಎಲ್ಲರಿಗಿಂತ ಹೆಚ್ಚಾಗಿತ್ತು. ಏನೂ ಮಾಡದೆ ಕೂತವರ ಕೋಪವು ಎಲ್ಲರಿಗಿಂತ ಕಡಿಮೆಯಾಗಿತ್ತು. ಅಂತು ಕುಕ್ಕರಿನ ಹೋಲಿಕೆಯು ಮನುಷ್ಯನಿಗೆ ಒಪ್ಪುವದಿಲ್ಲ. ಒಲೆಗೆ ಹೋಲಿಸಿದರೆ ಸರಿಯಾದೀತು, ಊದಿದಷ್ಟೂ ಉರಿಯುತ್ತದೆ. ಗುದ್ದಿದ ಕೈಗೆ ಗುದ್ದುವ ರೂಢಿಯಾಗುತ್ತದೆ. ನಾಳೆ ಪೆಟ್ಟಿಗೆಯು ಹತ್ತಿರ ಇಲ್ಲದಾಗ ಅದು ಮತ್ತೊಂದನ್ನು ಹುಡುಕುತ್ತದೆ.

(ಇದನ್ನು ಬರೆಯುತ್ತಿರುವಾಗ ಎರಡು ಸಾರಿ ಕರೆಂಟು ಹೋಯಿತು. ವಾಚಕರು ನನ್ನ ವಿಷಯದಲ್ಲಿ ಸಂದೇಹಪಡುವದು ಬೇಡ. ಮೇಣದ ಬತ್ತಿ ಇತ್ತು.)

ಕರೆಂಟಿನ ಮಾತು ಬಂದದ್ದರಿಂದ ಮತ್ತೊಂದು ಸಂಗತಿಯನ್ನು ಹೇಳುತ್ತೇನೆ. ವಸ್ತುವು ನಿಂತುಹೋದರೆ ಅದು ನಮಗೆ ವಿರೋಧವಾಗಿಯೇ ನಿಂತಿತೆಂದು ನಾವು ತಿಳಿಯುತ್ತೇವೆ. ಆದರೆ ನಮ್ಮನ್ನು ಕಾಯುವದಕ್ಕಾಗಿಯೇ ನಿಲ್ಲುವ ವಸ್ತುಗಳೂ ಉಂಟು. ಮನೆಯ ಫ್ಯೂಸಿನಲ್ಲಿರುವ ಸಣ್ಣ ತಂತಿಯನ್ನು ನೋಡಿರಿ. ತಾಳುವದಕ್ಕಿಂತ ಹೆಚ್ಚು ಕರೆಂಟು ಹರಿದರೆ ಮೊದಲು ತಾನು ಕರಗಿಹೋಗುವದೇ ಅದರ ಕೆಲಸ. ಅದು ಕರಗಿದ್ದರಿಂದ ಗೋಡೆಯೊಳಗಣ ತಂತಿಗಳು ಕಾಯದೆ ಉಳಿಯುತ್ತವೆ, ಮನೆಯು ಬೆಂಕಿಗೆ ಸಿಕ್ಕದೆ ಉಳಿಯುತ್ತದೆ. ಆದರೆ ಪದೇ ಪದೇ ಫ್ಯೂಸು ಹೋಗುವದೆಂದು ಬೇಸರಗೊಂಡವನು ಅದರ ಸ್ಥಳದಲ್ಲಿ ದಪ್ಪ ತಾಮ್ರದ ತಂತಿಯನ್ನು ಸುತ್ತಿ, ಇನ್ನು ಮೇಲೆ ತೊಂದರೆಯಿಲ್ಲವೆಂದು ಕೈ ಒರಸಿಕೊಳ್ಳುತ್ತಾನೆ. ಪಂಪಿನ ಸ್ಟಾರ್ಟರಿನಲ್ಲಿಯೂ ಹಾಗೆಯೇ. ಒಂದು ಫೇಸು ತಪ್ಪಿದಾಗ ಮೋಟಾರನ್ನು ನಿಲ್ಲಿಸುವ ಚಿಕ್ಕ ಸಾಧನವೊಂದನ್ನು ಅದರಲ್ಲಿ ಕೂಡ್ರಿಸಿರುತ್ತಾರೆ. ಅದು ಇಲ್ಲದಿದ್ದರೆ ಉಳಿದೆರಡು ಫೇಸುಗಳ ಮೇಲೆಯೇ ಭಾರವೆಲ್ಲಾ ಬಿದ್ದು ಒಳಗಣ ತಂತಿಯ ಸುರುಳಿಯು ಸುಟ್ಟುಹೋಗುವದು. ಅರ್ಧ ರಾತ್ರಿಯಲ್ಲಿ ನಡುಗುತ್ತಾ ನಿಂತವನಿಗೆ ಅದು ವೈರಿಯಾಗಿ ಕಾಣುತ್ತದೆ. ಅದನ್ನು ತಪ್ಪಿಸಿ ನೇರವಾಗಿ ತಂತಿ ಜೋಡಿಸಿದವರೂ, ಬಳಿಕ ಸುಟ್ಟ ಮೋಟಾರನ್ನು ಬಾವಿಯಿಂದ ಎತ್ತಿಸಿ ಸುರುಳಿ ಕಟ್ಟಿಸಲಿಕ್ಕೆ ಸಾಲ ಮಾಡಿದವರೂ ನಮ್ಮ ನೆರೆಹೊರೆಯಲ್ಲೇ ಇದ್ದಾರೆ. ಬಿಳಾಮನ ಕತ್ತೆಯ ಕಥೆಯನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಮೂರು ಸಾರಿ ನಿಂತದ್ದಕ್ಕೆ ಮೂರು ಸಾರಿ ಹೊಡಿಸಿಕೊಂಡ ಆ ಪ್ರಾಣಿಯು, ಸವಾರನಿಗೆ ಕಾಣದಿದ್ದ ಕತ್ತಿಯನ್ನು ದಾರಿಯಲ್ಲಿ ಕಂಡಿತ್ತು.

ಇಷ್ಟು ಬರೆದ ಮೇಲೆ, ಎಲ್ಲಾ ತೊಂದರೆಗಳಲ್ಲಿಯೂ ತಾಳ್ಮೆಯಿಂದಿರಿ ಎಂದು ಹೇಳಿ ಲೇಖನಿಯನ್ನು ಕೆಳಗಿಡುವದು ಸುಲಭ. ಅನೇಕರು ಹಾಗೆಯೇ ಮಾಡುತ್ತಾರೆ. ಆದರೆ ತಾಳ್ಮೆಯನ್ನು ಬೋಧಿಸುವವನು ಮೊದಲು, ಯಂತ್ರವು ನಿಂತದ್ದರಿಂದ ಯಾರಿಗೆ ಏನು ತಪ್ಪಿತು ಎಂದು ವಿಚಾರಿಸತಕ್ಕದ್ದು. ನನ್ನ ಫೋನಿನಲ್ಲಿ ಚಕ್ರವು ತಿರುಗಿದರೆ ನನಗೆ ತಪ್ಪುವದು ಎರಡು ನಿಮಿಷ. ರೇಶನ್ ಅಂಗಡಿಯ ಯಂತ್ರದಲ್ಲಿ ಚಕ್ರವು ತಿರುಗಿದರೆ ಒಬ್ಬ ಮುದುಕಿಗೆ ತಪ್ಪುವದು ಆ ತಿಂಗಳಿನ ಅಕ್ಕಿ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆದು ಎರಡಕ್ಕೂ ಒಂದೇ ಔಷಧವನ್ನು ಹೇಳುವದು ಅನ್ಯಾಯ.

ಆಧಾರ್ ಸಂಖ್ಯೆಯನ್ನು ಮೊದಲು ಕೊಟ್ಟದ್ದು 2010ನೇ ಇಸವಿಯ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯಲ್ಲಿ. ತರುವಾಯ ಅನೇಕ ರಾಜ್ಯಗಳಲ್ಲಿ ರೇಶನ್ ಅಂಗಡಿಗಳಿಗೆ ಬೆರಳಿನ ಗುರುತು ನೋಡುವ ಯಂತ್ರಗಳು ಬಂದವು. ಇದನ್ನು ನಮ್ಮ ಜನರು "ತಂಬ್ ಕೊಡುವದು" ಎಂದು ಹೇಳುತ್ತಾರೆ. ಒಬ್ಬರ ಪಾಲನ್ನು ಮತ್ತೊಬ್ಬರು ಕದಿಯಬಾರದೆಂಬದೇ ಇದರ ಉದ್ದೇಶ. ಆ ಉದ್ದೇಶವು ಹಳಿಯತಕ್ಕದ್ದಲ್ಲ. ಆದರೆ ಬೆರಳಿನ ಗೆರೆಗಳು ಎಲ್ಲರಲ್ಲಿಯೂ ಒಂದೇ ತೆರನಾಗಿ ಉಳಿಯುವದಿಲ್ಲ. ಮುಪ್ಪಿನಲ್ಲಿ ಅವು ಮಾಸುತ್ತವೆ. ಕಲ್ಲು ಒಡೆಯುವವರ, ಸಿಮೆಂಟು ಕಲಸುವವರ, ಸುಣ್ಣ ಬಳಿಯುವವರ, ವರುಷಗಟ್ಟಲೆ ಪಾತ್ರೆ ತಿಕ್ಕಿದವರ ಬೆರಳುಗಳಲ್ಲಿ ಅವು ಸವೆಯುತ್ತವೆ. ಗೇರುಬೀಜದ ಸಿಪ್ಪೆಯೊಳಗಣ ಎಣ್ಣೆಯು ಚರ್ಮವನ್ನೇ ಸುಡುವಂಥದ್ದು. ಕರಾವಳಿಯಲ್ಲಿ ಗೇರುಬೀಜ ಒಡೆಯುವ ಹೆಂಗಸರ ಕೈಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗಿರಲಾಗಿ ಒಂದು ವಿಚಿತ್ರ ಸಂಗತಿಯು ನಡೆಯುತ್ತದೆ. ಹೆಚ್ಚು ದುಡಿದವಳ ಬೆರಳನ್ನೇ ಯಂತ್ರವು ಗುರುತಿಸುವದಿಲ್ಲ.

ಅವಳಿಗೆ ನಾವು ತಾಳ್ಮೆಯನ್ನು ಹೇಳಿಕೊಡುವದೋ? ಅವಳಲ್ಲಿ ತಾಳ್ಮೆಯು ಬೇಕಾದಷ್ಟಿದೆ. ಅದರಿಂದಲೇ ಅವಳಿಗೆ ಕೇಡು. ಬೆರಳನ್ನು ಸೆರಗಿಗೆ ಒರಸಿ ಮತ್ತೆ ಇಡುತ್ತಾಳೆ. ಎಣ್ಣೆ ಹಚ್ಚಿ ಇಡುತ್ತಾಳೆ. ಹೆಬ್ಬೆರಳು ಆಗದಿದ್ದರೆ ತೋರುಬೆರಳು, ಬಲಗೈ ಆಗದಿದ್ದರೆ ಎಡಗೈ. ಹತ್ತೂ ಆಗದಿದ್ದರೆ, ನಾಳೆ ಬಾ ಎಂಬ ಮಾತನ್ನು ಕೇಳಿಕೊಂಡು, ಒಂದು ದಿನದ ಕೂಲಿಯನ್ನು ಬಿಟ್ಟು ನಾಳೆ ಬರುತ್ತಾಳೆ. ತನ್ನಲ್ಲಿಯೇ ಏನೋ ದೋಷವಿದೆಯೆಂದು ನಂಬುತ್ತಾಳೆ. ಇಲ್ಲಿ ಕೋಪಗೊಳ್ಳತಕ್ಕದ್ದು ನ್ಯಾಯವೇ. ಆದರೆ ಯಾರ ಮೇಲೆ? ಯಂತ್ರವನ್ನು ಗುದ್ದುವದು ಸಮುದ್ರಕ್ಕೆ ಕೊರಡೆ ಹೊಡಿಸಿದ ಹಾಗೆ. ಅಂಗಡಿಯವನನ್ನು ಬೈಯುವದು ಹೆಚ್ಚಾಗಿ ಸೇತುವೆ ಕಟ್ಟಿದವನ ತಲೆ ಹೊಡಿಸಿದ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು ಏನಂದರೆ, ಸಾಲಿನಲ್ಲಿ ನಿಂತ ನಾವು ಅವಳ ಮೇಲೆಯೇ ಸಿಡುಕುತ್ತೇವೆ. "ಬೇಗ ಬಿಡಮ್ಮಾ, ನಮಗೂ ಕೆಲಸವಿದೆ" ಎಂದು ಹೇಳುವ ಧ್ವನಿಯು ಯಂತ್ರದ್ದಲ್ಲ.

ಇಂಥಾ ಸಮಯಕ್ಕೆ ಕಾಯಿದೆಯೂ ಆಜ್ಞೆಯೂ ಉಂಟೆಂಬದು ಬಹುಮಂದಿಗೆ ತಿಳಿಯದು. 2013ನೇ ಇಸವಿಯ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತೆಯ ಪಟ್ಟಿಗೆ ಸೇರಿದ ಮನೆಯ ತಲೆಯೊಂದಕ್ಕೆ ತಿಂಗಳಿಗೆ 5 ಕಿಲೊ ಧಾನ್ಯವು ಹಕ್ಕು, ಭಿಕ್ಷೆಯಲ್ಲ. ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕೆಂದೂ ಅದೇ ಕಾಯಿದೆಯು ಹೇಳುತ್ತದೆ. 2017ನೇ ಇಸವಿಯ ಅಕ್ಟೋಬರ್ 24ರಂದು ಕೇಂದ್ರ ಸರಕಾರವು ರಾಜ್ಯಗಳಿಗೆ ಬರೆದು, ಬೆರಳಿನ ಗುರುತು ಹೊಂದಲಿಲ್ಲವೆಂದಾಗಲಿ, ನೆಟ್‌ವರ್ಕು ಸಿಕ್ಕಲಿಲ್ಲವೆಂದಾಗಲಿ ಹಕ್ಕುಳ್ಳವರಿಗೆ ಧಾನ್ಯವನ್ನು ನಿರಾಕರಿಸಕೂಡದೆಂದೂ, ಅಂಥವರ ಹೆಸರನ್ನು ಬೇರೊಂದು ಪುಸ್ತಕದಲ್ಲಿ ಬರೆದುಕೊಂಡು ಧಾನ್ಯವನ್ನು ಕೊಡಬೇಕೆಂದೂ ತಿಳಿಸಿತು. ಹಾಗಾದರೆ ಕೆಟ್ಟದ್ದು ಯಂತ್ರ ಮಾತ್ರವೇ? ಯಂತ್ರ ಕೆಟ್ಟಾಗ ಏನು ಮಾಡಬೇಕೆಂಬದನ್ನು ಮನುಷ್ಯರು ಬರೆದಿಟ್ಟಿದ್ದಾರೆ; ಬರೆದದ್ದನ್ನು ಓದಿ ಹೇಳುವವನು ಸಾಲಿನಲ್ಲಿ ಇಲ್ಲದೆ ಹೋದನು.

ಕಳೆದ ಮಳೆಗಾಲದಲ್ಲಿ ಒಂದು ಹಳ್ಳಿಯ ರೇಶನ್ ಅಂಗಡಿಯ ಮುಂದೆ ನಾನು ಒಬ್ಬರಿಗಾಗಿ ಕಾಯುತ್ತಾ ನಿಂತಿದ್ದೆನು. ಗೇರುಬೀಜದ ಕೆಲಸ ಮಾಡಿದ ಕೈಗಳ ಮುದುಕಿಯೊಬ್ಬಳು ಆರೇಳು ಸಾರಿ ಬೆರಳಿಟ್ಟಳು; ಯಂತ್ರವು ಪ್ರತಿ ಸಾರಿಯೂ ಇಲ್ಲವೆಂದಿತು. ಸಾಲು ಗೊಣಗಿತು. ಅಂಗಡಿಯವನು, "ಅಜ್ಜೀ, ನಾಳೆ ಬನ್ನಿ, ನಾನೇನು ಮಾಡಲಿ?" ಎಂದನು; ಅವನ ಮುಖವೂ ಬೇಸತ್ತಿತ್ತು. ಆಗ ಅವಳ ಹಿಂದೆ ನಿಂತಿದ್ದ ಹುಡುಗನೊಬ್ಬನು ತನ್ನ ಚೀಲವನ್ನು ಕೆಳಗಿಟ್ಟು, ಧ್ವನಿಯನ್ನು ಏರಿಸದೆ, "ಅಣ್ಣಾ, ತಂಬ್ ಆಗದವರಿಗೆ ಬೇರೆ ಪುಸ್ತಕದಲ್ಲಿ ಬರೆದು ಕೊಡಬಹುದಲ್ಲವಾ? ಆ ಪುಸ್ತಕ ತೆಗೆಯಿರಿ. ನಾವು ಕಾಯುತ್ತೇವೆ" ಎಂದನು. ಹಿಂದಿನವರಲ್ಲಿ ಇಬ್ಬರು, ಕಾಯುವದಿಲ್ಲವೆಂದು ಹೇಳಿ ಹೊರಟುಹೋದರು. ಉಳಿದವರು ನಿಂತರು. ಅಂಗಡಿಯವನು ಕಪಾಟಿನ ಮೇಲೆ, ತಕ್ಕಡಿಯ ಹಿಂದೆ, ಗೋಣಿಗಳ ಸಂದಿಯಲ್ಲಿ ಹುಡುಕಿ, ಬಹಳ ಹೊತ್ತಿನ ಮೇಲೆ ಒಂದು ಉದ್ದ ಪುಸ್ತಕವನ್ನು ತಂದು ಧೂಳನ್ನು ಕೊಡಹಿದನು. ಮುದುಕಿಯ ಹೆಸರನ್ನೂ ಕಾರ್ಡಿನ ಸಂಖ್ಯೆಯನ್ನೂ ಬರೆದನು. ಹುಡುಗನು ಅವಳ ಅಕ್ಕಿಯ ಚೀಲವನ್ನು ಎತ್ತಿಕೊಡುವಾಗ ನಾನು ಬಗ್ಗಿ ಆ ಪುಸ್ತಕವನ್ನು ನೋಡಿದೆನು. ಹಾಳೆಗಳ ಅಂಚು ಹಳದಿಯಾಗಿತ್ತು. ಆ ಹೆಸರಿಗಿಂತ ಮುಂಚೆ ಅದರಲ್ಲಿ ಒಂದು ಹೆಸರೂ ಇರಲಿಲ್ಲ.